ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳವರ ವೈರಾಗ್ಯನಿರ್ಣಯ

॥ ಶ್ರೀ ಗುರುಬಸವಲಿಂಗಾಯ ನಮಃ ॥

ವಿರಕ್ತನಾಗಬೇಕೆಂಬ ಬಯಕೆಯು ಹುಟ್ಟುವದು ಬೇರೆ, ವಿರಕ್ತಿಯು ಹುಟ್ಟುವದು ಬೇರೆ. ಮಸಣದಲ್ಲಿ ಹೆಣ ಸುಡುವದನ್ನು ಕಂಡವನಿಗೆ ಕ್ಷಣಮಾತ್ರ ಸಂಸಾರದಲ್ಲಿ ಹೇಸಿಕೆಯುಂಟಾಗುವದು. ಪುರಾಣ ಕೇಳಿ ಎದ್ದವನಿಗೆ ಮನೆಯ ಹೊಸ್ತಿಲು ಮುಟ್ಟುವವರೆಗೆ ಜಗತ್ತು ಮಿಥ್ಯವೆನಿಸುವದು. ಹೆರಿಗೆಯ ಬೇನೆಯಲ್ಲಿರುವವಳಿಗೆ ಗೃಹಸ್ಥಧರ್ಮವೇ ಬೇಡವೆನಿಸುವದು. ಸ್ಮಶಾನವೈರಾಗ್ಯ, ಪುರಾಣವೈರಾಗ್ಯ, ಪ್ರಸವವೈರಾಗ್ಯವೆಂದು ಹಿರಿಯರು ಇವನ್ನು ಹೆಸರಿಟ್ಟು ಎಣಿಸಿದ್ದು ನಗುವದಕ್ಕಲ್ಲ, ಎಚ್ಚರಿಸುವದಕ್ಕೆ. ಏಕೆಂದರೆ ಈ ಮೂರರಲ್ಲಿ ಒಂದನ್ನು ನಿಜವಾದ ವೈರಾಗ್ಯವೆಂದು ಬಗೆದು ಕಾವಿಯನ್ನುಟ್ಟವನು ಇಹಕ್ಕೂ ಸಲ್ಲನು, ಪರಕ್ಕೂ ಸಲ್ಲನು; ಅವನನ್ನು ನಂಬಿದ ಭಕ್ತರೂ ಅವನೊಡನೆ ಕೆಡುವರು.

ಗದುಗು-ಬೆಟಗೇರಿ, ಪುಲಿಗೆರೆಯೆಂದು ಹಿಂದೆ ಹೆಸರಾದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಸೀಮೆಯು ಮಠಗಳ ನೆಲೆವೀಡು. ಗದುಗಿನ ತೋಂಟದಾರ್ಯ ಮಠ, ಶಿರಹಟ್ಟಿಯ ಫಕೀರೇಶ್ವರ ಮಠ, ಮುಂಡರಗಿಯ ಅನ್ನದಾನೀಶ್ವರ ಮಠಗಳ ಹೆಸರನ್ನು ಕೇಳದ ಮನೆಯು ಇಲ್ಲಿಲ್ಲ. ಹರಕೆಹೊತ್ತು ಮಗನನ್ನು ಮಠಕ್ಕೆ ಒಪ್ಪಿಸಿದ ತಾಯಿತಂದೆಗಳೂ, ತಾನಾಗಿಯೇ ಮಠದ ಬಾಗಿಲಿಗೆ ಬಂದು ನಿಂತ ಬಾಲಕರೂ ಈ ನಾಡಿನಲ್ಲಿ ತಲೆತಲಾಂತರದಿಂದ ಉಂಟು. ಹಾಗೆ ಬಂದವನಲ್ಲಿರುವದು ಶಿವನ ಪ್ರೇರಣೆಯೋ, ಬಡತನದ ಒತ್ತಾಯವೋ, ಗದ್ದುಗೆಯ ಆಸೆಯೋ ಎಂಬದನ್ನು ತಿಳಿಯುವ ಬಗೆ ಯಾವದು? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರ ಕೊಟ್ಟವರು ಹಾನಗಲ್ಲ ವಿರಕ್ತಮಠದ ಶ್ರೀ ನಿರಂಜನ ಪ್ರಣವಸ್ವರೂಪಿ ಕುಮಾರ ಮಹಾಸ್ವಾಮಿಗಳವರು.

ಬಾಲ್ಯವೂ ಬಡತನವೂ

ಶ್ರೀಗಳವರು ೧೮೬೭ನೆಯ ಇಸವಿಯಲ್ಲಿ ರಾಣೇಬೆನ್ನೂರು ತಾಲೂಕಿನ ಜೋಯಿಸರಹರಳಹಳ್ಳಿಯಲ್ಲಿ ಜನಿಸಿದರು. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಆ ಊರು ಈಗ ಹಾವೇರಿ ಜಿಲ್ಲೆಯಲ್ಲಿರುವದು. ತಂದೆ ಬಸವಯ್ಯನವರು, ತಾಯಿ ನೀಲಮ್ಮನವರು, ಮನೆತನ ಸಾಲಿಮಠದವರದು. ಈ ಭಾಗದ ಮಾತಿನಲ್ಲಿ ಸಾಲಿಯೆಂದರೆ ಶಾಲೆ. ಮುಂದೆ ಊರೂರಿಗೆ ಪಾಠಶಾಲೆಗಳನ್ನು ತೆರೆಯಿಸಿದ ಮಹಾನುಭಾವರು ಸಾಲಿಯ ಹೆಸರುಳ್ಳ ಮನೆಯಲ್ಲಿಯೇ ಹುಟ್ಟಿದ್ದು ಯೋಗವೆನ್ನಬೇಕು. ಮಗುವಿಗೆ ಹಾಲಯ್ಯನೆಂದು ಹೆಸರಿಟ್ಟರು.

ಮನೆಯಲ್ಲಿ ಆಚಾರವಿತ್ತು, ಅನ್ನಕ್ಕೆ ಕೊರತೆಯಿತ್ತು. ಹಾಲಯ್ಯನು ಜಂಗಮವಟುಗಳ ಪದ್ಧತಿಯಂತೆ ಜೋಳಿಗೆ ಹಿಡಿದು ಕಂತಿಭಿಕ್ಷೆ ಬೇಡಿ, ಅದರಿಂದಲೇ ಹೊಟ್ಟೆ ಹೊರೆದು ಕನ್ನಡ ಶಾಲೆಯ ವಿದ್ಯೆಯನ್ನು ಕಲಿತನು. ಅಂದಿನ ಮುಂಬಯಿ ಇಲಾಖೆಯಲ್ಲಿ ಮುಲ್ಕಿ ಪರೀಕ್ಷೆಯು ಕನ್ನಡ ಶಾಲೆಯ ವಿದ್ಯಾರ್ಥಿಗಳಿಗೆ ಕಡೆಯ ಮೆಟ್ಟಿಲು. ಅದನ್ನು ದಾಟಿದವನಿಗೆ ಸರಕಾರದ ಚಿಕ್ಕ ನೌಕರಿಯೊಂದು ದೊರೆತು, ಮನೆಯು ನೆಲೆಗೊಳ್ಳುವದು. ಹಾಲಯ್ಯನು ಆ ಪರೀಕ್ಷೆಗಾಗಿ ಧಾರವಾಡಕ್ಕೆ ಹೋದನು, ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ.

ಇಲ್ಲಿ ಓದುಗರು ಒಂದು ಸಂಗತಿಯನ್ನು ಚೆನ್ನಾಗಿ ಗಮನಿಸಬೇಕು. ಪರೀಕ್ಷೆಯಲ್ಲಿ ಸೋತ ಮರುದಿನವೇ ಅವನು ಮನೆಬಿಟ್ಟು ಹೋಗಿದ್ದರೆ, ಅವನ ವೈರಾಗ್ಯವು ಸೋಲಿನ ಮಗುವೆಂದು ಯಾರಾದರೂ ಆಡಿಕೊಳ್ಳಬಹುದಿತ್ತು. ಹಾಗೆ ಆಗಲಿಲ್ಲ. ಅವನು ತಾಯಿಯ ತವರೂರಾದ ಲಿಂಗದಹಳ್ಳಿಯಲ್ಲಿ ನಿಂತು, ಊರ ಮಕ್ಕಳಿಗೆ ಅಕ್ಷರ ಕಲಿಸುವ ಕೆಲಸವನ್ನು ಕೈಕೊಂಡನು. ಕಲಿಸುತ್ತ ಗಳಿಸಿದನು, ಗಳಿಸಿದ್ದನ್ನು ಕೂಡಿಟ್ಟನು. ಹಗಲೆಲ್ಲ ಮಕ್ಕಳ ಪಾಠ, ಸಂಜೆಯಾದ ಮೇಲೆ ಶಾಸ್ತ್ರಗ್ರಂಥಗಳ ಓದು, ಶಿವಪೂಜೆ. ಸೋಲಿನ ನೋವು ಆರಿತು, ಹೊಟ್ಟೆಯ ಚಿಂತೆ ತಗ್ಗಿತು. ಆದರೂ ಒಳಗಿನ ಸೆಳೆತವು ಕಡಿಮೆಯಾಗಲಿಲ್ಲ. ಕಷ್ಟದಲ್ಲಿ ಹುಟ್ಟಿದ ವೈರಾಗ್ಯವು ಸುಖ ಬಂದಾಗ ಕರಗುವದು. ಹಾಲಯ್ಯನದು ತುಸು ಸುಖ ಕಂಡ ಮೇಲೂ ಬೆಳೆಯಿತು. ಅದು ಅವನ ವೈರಾಗ್ಯಕ್ಕೆ ದೊರೆತ ಮೊದಲನೆಯ ಸಾಕ್ಷಿ.

ತಾಯಿಯ ಋಣ

ಮನೆಯನ್ನು ಬಿಡುವಾಗ ತಂದೆತಾಯಿಗಳ ಋಣವನ್ನು ಮರೆತು ಹೋದವನು ಮುಂದೆ ಗುರುವಿನ ಋಣವನ್ನೂ ಮರೆಯುವನು. ನೀಲಮ್ಮನವರು ಬಡತನದಲ್ಲಿ ಮಗನನ್ನು ಸಾಕಿದವರು. ಮಗನು ದುಡಿಯುವವನಾದನೆಂದು ನೆಮ್ಮದಿ ತಾಳಿದವರು. ಅವನ ಮದುವೆಯನ್ನು ಕಂಡು ಕಣ್ಣುಮುಚ್ಚಬೇಕೆಂದು ಎಲ್ಲ ತಾಯಂದಿರಂತೆ ಬಯಸಿದವರು. ಆ ತಾಯಿಗೆ ಮಗನು ತನ್ನ ನಿಶ್ಚಯವನ್ನು ತಿಳಿಸಬೇಕಾಯಿತು. ಶಿಕ್ಷಕವೃತ್ತಿಯಿಂದ ಕೂಡಿಸಿಟ್ಟ ಹಣವನ್ನೆಲ್ಲ ಹಾಲಯ್ಯನು ತಾಯಿಯ ಕೈಗೊಪ್ಪಿಸಿ, ಹಾಲೂಡಿದ ಋಣದಿಂದ ತನ್ನನ್ನು ಬಿಡುಗಡೆಗೊಳಿಸಬೇಕೆಂದು ಬೇಡಿಕೊಂಡನೆಂದು ಅವರ ಚರಿತ್ರವನ್ನು ಬಲ್ಲವರು ಹೇಳುತ್ತ ಬಂದಿದ್ದಾರೆ.

ಹಾಲಿನ ಋಣವು ಹಣದಿಂದ ತೀರುವಂಥದಲ್ಲವೆಂಬದನ್ನು ಹಾಲಯ್ಯನು ಅರಿಯದವನಲ್ಲ. ಆದರೆ ತನ್ನದೆಂಬ ಒಂದು ಕಾಸನ್ನೂ ಉಳಿಸಿಕೊಳ್ಳದೆ, ತಾಯಿಯನ್ನು ಬರಿಗೈಯಲ್ಲಿ ಬಿಡದೆ, ಕದ್ದು ಓಡಿಹೋಗದೆ, ಎದುರಿಗೆ ನಿಂತು ಬೀಳ್ಕೊಳ್ಳಬೇಕೆಂಬ ಧರ್ಮಸೂಕ್ಷ್ಮವನ್ನು ಅವನು ನಡೆಸಿ ತೋರಿಸಿದನು. ತಾಯಿಯ ಕಣ್ಣೀರನ್ನು ಕಂಡೂ ಕದಲದಿರುವದು ಕಲ್ಲೆದೆಯವನಿಗೂ ಸಾಧ್ಯ. ಆ ಕಣ್ಣೀರಿಗೆ ತಾನೂ ಕರಗಿ, ಆದರೂ ಹಿಡಿದ ದಾರಿಯನ್ನು ಬಿಡದಿರುವದು ವಿರಕ್ತನಿಗೆ ಮಾತ್ರ ಸಾಧ್ಯ. ಮುಂದೆ ನೂರಾರು ತಾಯಂದಿರು ತಮ್ಮ ಮಕ್ಕಳನ್ನು ಶ್ರೀಗಳವರ ಕೈಯಲ್ಲಿ ಒಪ್ಪಿಸಿದಾಗ, ಅವರು ಆ ಮಕ್ಕಳನ್ನು ತಾಯಿಯಂತೆ ಸಲಹಿದ್ದರ ಬೇರು ಈ ಬೀಳ್ಕೊಡುಗೆಯಲ್ಲಿರುವದು.

ಗುರುಶೋಧ

ಮನೆಬಿಟ್ಟವನಿಗೆ ದಾರಿ ತೋರುವವರು ಬೇಕು. ಆ ಕಾಲಕ್ಕೆ ಹುಬ್ಬಳ್ಳಿಯಲ್ಲಿ ಶ್ರೀ ಸಿದ್ಧಾರೂಢಸ್ವಾಮಿಗಳವರ ಕೀರ್ತಿಯು ನಾಡೆಲ್ಲ ಹಬ್ಬಿತ್ತು. ನಿಜಗುಣ ಶಿವಯೋಗಿಗಳ ಶಾಸ್ತ್ರಗಳನ್ನು ಅಲ್ಲಿ ನಿತ್ಯವೂ ಪಾಠ ಹೇಳುತ್ತಿದ್ದರು. ಜಾತಿಮತಗಳ ಎಣಿಕೆಯಿಲ್ಲದೆ ಮುಮುಕ್ಷುಗಳು ಬಂದು ಕೇಳುತ್ತಿದ್ದರು. ಹಾಲಯ್ಯನೂ ಅಲ್ಲಿಗೆ ಬಂದು, ಶ್ರವಣ ಮನನಗಳಲ್ಲಿ ತೊಡಗಿದನು. ಬುದ್ಧಿಯು ಹರಿತವಾಯಿತು, ಶಾಸ್ತ್ರದ ಪ್ರಕ್ರಿಯೆಯು ಕರಗತವಾಯಿತು.

ಆದರೂ ಮನಸ್ಸಿನಲ್ಲಿ ಒಂದು ತೊಡಕು ಉಳಿಯಿತು. ವೇದಾಂತದ ವಿಚಾರವು ಎಲ್ಲವೂ ಬ್ರಹ್ಮವೆಂದು ನಿಶ್ಚಯಿಸಿ ನಿಲ್ಲುವದು. ಶಿವಯೋಗದ ದಾರಿಯಾದರೋ ಶ್ರೀಗುರುವು ಕರಸ್ಥಲಕ್ಕೆ ಕರುಣಿಸಿದ ಇಷ್ಟಲಿಂಗವನ್ನು ಬಿಡದೆ, ಅದರಲ್ಲಿಯೇ ದೃಷ್ಟಿಯನ್ನೂ ಪ್ರಾಣವನ್ನೂ ಭಾವವನ್ನೂ ಬೆರೆಸಿ, ಭಕ್ತಸ್ಥಲದಿಂದ ಐಕ್ಯಸ್ಥಲದವರೆಗೆ ಅಂಗವನ್ನು ಲಿಂಗಮಯ ಮಾಡುವದು. ಜ್ಞಾನ ಬಂದ ಮೇಲೆ ಕ್ರಿಯೆ ಬೇಕೇ ಬೇಡವೇ? ಅಂಗೈಯ ಲಿಂಗವು ಏರುವವರೆಗಿನ ಏಣಿಯೋ, ಏರಿದ ಮೇಲೂ ಉಳಿಯುವ ನೆಲೆಯೋ? ಹಾಲಯ್ಯನಿಗೆ ಇದು ತರ್ಕದ ಮಾತಾಗಿರಲಿಲ್ಲ. ಬದುಕನ್ನು ಯಾವ ದಾರಿಯಲ್ಲಿ ಸವೆಸಬೇಕೆಂಬ ಮಾತಾಗಿತ್ತು. ಕೀರ್ತಿವಂತವಾದ ಸ್ಥಾನದಲ್ಲಿ ನೆಲೆನಿಂತು ಸುಖವಾಗಿರುವದು ಸುಲಭ. ಅಲ್ಲಿದ್ದೂ ತನ್ನ ದಾರಿಯು ಬೇರೆಯೆಂದು ಕಂಡಾಗ, ಅಲ್ಲಿಯ ಹಿರಿಮೆಯನ್ನು ಅಲ್ಲಗಳೆಯದೆ ವಿನಯದಿಂದ ಹೊರಡುವದು ಕಷ್ಟ. ಸಿದ್ಧಾರೂಢರು ಮಹಾತ್ಮರು, ಅವರ ಸನ್ನಿಧಿಯಲ್ಲಿ ಕಲಿತದ್ದು ಹಾಲಯ್ಯನಿಗೆ ಬಾಳಿನುದ್ದಕ್ಕೂ ಬುತ್ತಿಯಾಯಿತು. ಆದರೆ ಅವನ ಹಸಿವು ಆ ಬುತ್ತಿಯಿಂದ ಪೂರ್ತಿಯಾಗಿ ಹಿಂಗಲಿಲ್ಲ.

ಆ ಹಸಿವನ್ನು ಹಿಂಗಿಸಿದವರು ಎಳಂದೂರಿನ ಶ್ರೀ ಬಸವಲಿಂಗ ಸ್ವಾಮಿಗಳವರು. ಅವರಲ್ಲಿ ಜ್ಞಾನವೂ ಕ್ರಿಯೆಯೂ ಹಾಲುಜೇನಿನಂತೆ ಬೆರೆತಿದ್ದವು. ಹಾಲಯ್ಯನು ಅವರನ್ನು ಕಂಡು, ತಾನು ಅರಸಿದ್ದು ಇದನ್ನೇ ಎಂದು ತಿಳಿದು ಶರಣುಹೊಕ್ಕನು. ಗುರುಗಳೊಡನೆ ತೆಂಕಣ ಸೀಮೆಗೆ ಹೋಗಿ, ನಿಜಗುಣ ಶಿವಯೋಗಿಗಳು ತಪಸ್ಸು ಮಾಡಿದರೆಂದು ಪ್ರಸಿದ್ಧವಾದ ಶಂಭುಲಿಂಗನ ಬೆಟ್ಟದ ಏಕಾಂತದಲ್ಲಿ ಶಿವಯೋಗವನ್ನು ಅಭ್ಯಾಸಮಾಡಿದನು. ಗುರುವಿನ ನೀರು ತರುವದು, ಪೂಜೆಗೆ ಅಣಿಮಾಡುವದು, ಅಪ್ಪಣೆಗಾಗಿ ಕಾಯುವದು, ಅಪ್ಪಣೆಯಾದೊಡನೆ ತನ್ನ ಇಚ್ಛೆಯನ್ನು ಮಡಿಸಿಡುವದು, ಇವೇ ಅಲ್ಲಿಯ ಪಾಠಗಳು. ಶಾಸ್ತ್ರವನ್ನು ಓದಿ ಪಂಡಿತನಾಗಬಹುದು; ಸೇವೆಯಿಂದಲ್ಲದೆ ಶಿಷ್ಯನಾಗಲಾರನು. ತನ್ನ ವೈರಾಗ್ಯವು ದಿಟವೋ ಅಲ್ಲವೋ ಎಂದು ಹಾಲಯ್ಯನು ತಾನೇ ತೀರ್ಪು ಕೊಟ್ಟುಕೊಳ್ಳಲಿಲ್ಲ. ಆ ತೀರ್ಪನ್ನು ಗುರುವಿನ ಕಣ್ಣಿಗೆ ಬಿಟ್ಟನು. ಇದು ಎರಡನೆಯ ಸಾಕ್ಷಿ.

ಬಯಸಿದ್ದು ಏಕಾಂತ, ಒದಗಿದ್ದು ಲೋಕಾಂತ

ಸಾಧಕನಿಗೆ ಬೆಟ್ಟದ ಮೌನವೇ ಹಿತವಾಗಿತ್ತು. ಅಲ್ಲಿಯೇ ಲಿಂಗಪೂಜೆಯಲ್ಲಿ ಆಯುಷ್ಯವನ್ನು ಕಳೆಯುವದೇ ಅವರ ಬಯಕೆಯಾಗಿತ್ತು. ಶಿವನ ಸಂಕಲ್ಪವು ಬೇರೆ ಇತ್ತು. ಹಾನಗಲ್ಲ ವಿರಕ್ತಮಠದ ಶ್ರೀ ಫಕೀರ ಸ್ವಾಮಿಗಳವರ ತರುವಾಯ ಆ ಮಠದ ಅಧಿಕಾರವು ಇವರಿಗೆ ಬಂದಿತು. ಸದಾಶಿವಸ್ವಾಮಿಗಳೆಂಬ ಅಭಿಧಾನವಾಯಿತು, ಜನರ ಬಾಯಲ್ಲಿ ಕುಮಾರಸ್ವಾಮಿಗಳೆಂಬ ಹೆಸರೇ ನೆಲೆಯಾಯಿತು. ಗದ್ದುಗೆಯೇರಿದ ಮೇಲೆಯೂ ಅವರು ಕೆಲಕಾಲ ಸೊರಬ ಸೀಮೆಯ ಏಕಾಂತದಲ್ಲಿ ಇದ್ದುದನ್ನು ನೋಡಿದರೆ, ಅಧಿಕಾರಕ್ಕಿಂತ ಅನುಷ್ಠಾನವೇ ಅವರ ಮನಸ್ಸಿಗೆ ಹತ್ತಿರವಾಗಿತ್ತೆಂಬದು ತಿಳಿಯುವದು.

ಆದರೆ ಅವು ಕಷ್ಟಕಾಲದ ವರುಷಗಳು. ೧೮೯೬-೯೭ರಲ್ಲಿ ಒಂದು, ೧೮೯೯-೧೯೦೦ರಲ್ಲಿ ಇನ್ನೊಂದು, ಹೀಗೆ ಎರಡು ಘೋರವಾದ ಬರಗಳು ಮುಂಬಯಿ ಇಲಾಖೆಯನ್ನು ಹಿಂಡಿದವು. ೧೮೯೬ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು ಧಾರವಾಡ ಸೀಮೆಯ ಊರುಗಳನ್ನೂ ಬರಿದುಮಾಡಿತು. ಹಸಿದವನು ಮಠದ ಮುಂದೆ ನಿಂತಿರುವಾಗ ಒಳಗೆ ಕುಳಿತು ಕಣ್ಣು ಮುಚ್ಚುವದು ಯೋಗವೋ, ಬಾಗಿಲು ತೆರೆಯುವದು ಯೋಗವೋ? ದಾಸೋಹವನ್ನು ಕಾಯಕದಷ್ಟೇ ಎತ್ತರಕ್ಕೆ ಏರಿಸಿದ ಶರಣರ ಮಾರ್ಗದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿರುವದು. ಶ್ರೀಗಳವರು ಮೂರು ಹೊತ್ತಿನ ಪೂಜೆಯನ್ನು ಒಂದು ದಿನವೂ ತಪ್ಪಿಸದೆ, ಮಿಕ್ಕ ಹೊತ್ತನ್ನೆಲ್ಲ ಜನರಿಗೆ ಕೊಟ್ಟರು. ಬೆಟ್ಟದಲ್ಲಿ ಗಳಿಸಿದ ಏಕಾಂತವನ್ನು ಅವರು ಕಳೆದುಕೊಳ್ಳಲಿಲ್ಲ. ಅದನ್ನು ಎದೆಯೊಳಗಿಟ್ಟುಕೊಂಡು ಬಯಲಿಗೆ ಇಳಿದರು.

ಪಾಠಶಾಲೆಗಳು, ವಿದ್ಯಾರ್ಥಿಗಳ ಪ್ರಸಾದನಿಲಯಗಳು, ಗ್ರಂಥಗಳ ಸಂಗ್ರಹ, ಹೀಗೆ ಕೆಲಸವು ಬೆಳೆಯುತ್ತ ಹೋಯಿತು. ೧೯೦೪ರಲ್ಲಿ ಅವರ ಪ್ರೇರಣೆಯಿಂದ ಧಾರವಾಡದಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯು ಸ್ಥಾಪಿತವಾಯಿತು; ಶಿರಸಂಗಿಯ ಲಿಂಗರಾಜ ದೇಸಾಯರು ಅದರ ಮೊದಲನೆಯ ಅಧ್ಯಕ್ಷರಾದರು. ವಿರಕ್ತರಿಗೆ ಸಭೆಗಳ ಗೊಡವೆಯೇಕೆಂದು ಕೇಳುವದು ಸಹಜ. ಶ್ರೀಗಳವರು ಆ ಮಹಾಸಭೆಯಲ್ಲಿ ತಮಗಾಗಿ ಪದವಿಯನ್ನು ಬಯಸಲಿಲ್ಲ, ಅದರ ಹಿರಿಮೆಯನ್ನು ತಮ್ಮ ಮಠಕ್ಕೆ ಕಟ್ಟಿಕೊಳ್ಳಲಿಲ್ಲ. ಕಟ್ಟಿದರು, ಒಪ್ಪಿಸಿದರು, ಹಿಂದೆ ಸರಿದರು. ಪದವಿಯನ್ನು ಬಿಡುವದಕ್ಕೆ ಹೆದರದಿರುವದು ಅವರ ವೈರಾಗ್ಯದ ಮೂರನೆಯ ಸಾಕ್ಷಿ.

ಶಿವಯೋಗಮಂದಿರ

ನಾಡಿನ ತುಂಬ ಸಂಚರಿಸಿದ ಶ್ರೀಗಳವರಿಗೆ ಒಂದು ಕೊರತೆಯು ಕಣ್ಣಿಗೆ ಕಟ್ಟಿತು. ಮಠಗಳಿದ್ದವು, ಆಸ್ತಿಯಿತ್ತು, ಭಕ್ತಿಯಿತ್ತು. ಮಠದ ಮರಿಗಳಿಗೆ ತಕ್ಕ ಶಿಕ್ಷಣವಿರಲಿಲ್ಲ. ಎಳೆಯ ವಯಸ್ಸಿನಲ್ಲಿ ಮರಿಯಾಗಿ ಬಂದವನು ಹಿರಿಯರು ಲಿಂಗೈಕ್ಯರಾದೊಡನೆ ಗದ್ದುಗೆಯೇರುವನು. ತಾನು ಅದಕ್ಕೆ ತಕ್ಕವನೋ ಎಂದು ಕೇಳಿಕೊಳ್ಳುವದಕ್ಕೆ ಅವನಿಗೆ ಅವಕಾಶವೇ ಸಿಗದು. ತಮಗೆ ದೊರೆತಂಥ ಪರೀಕ್ಷೆಯ ಕಾಲವು, ಗುರುಸನ್ನಿಧಿಯು, ಏಕಾಂತವು ಪ್ರತಿಯೊಬ್ಬ ಸಾಧಕನಿಗೂ ದೊರೆಯಬೇಕೆಂಬದು ಅವರ ಹಂಬಲವಾಯಿತು. ಆ ಹಂಬಲದ ಫಲವಾಗಿ ೧೯೦೯ರಲ್ಲಿ ಬಾದಾಮಿಗೆ ಸಮೀಪದಲ್ಲಿ, ಮಲಪ್ರಭೆಯ ದಂಡೆಯ ಮೇಲೆ ಶಿವಯೋಗಮಂದಿರವು ತಲೆಯೆತ್ತಿತು.

ಅಲ್ಲಿ ವಟುಗಳೂ ಸಾಧಕರೂ ಬೆಳಗುಜಾವದಲ್ಲಿ ಎದ್ದು, ಹೊಳೆಯಲ್ಲಿ ಮಿಂದು, ಶಿವಪೂಜೆಗೆ ಕುಳಿತುಕೊಳ್ಳುವರು. ಬಳಿಕ ಸಂಸ್ಕೃತ, ಕನ್ನಡ, ವಚನಶಾಸ್ತ್ರ, ಯೋಗಾಭ್ಯಾಸ, ಸಂಗೀತಗಳ ಪಾಠ. ಪಾಠದಷ್ಟೇ ಮುಖ್ಯವಾದದ್ದು ಸೇವೆ. ಗೋಶಾಲೆಯ ದನಗಳನ್ನು ನೋಡಿಕೊಳ್ಳಬೇಕು. ಅವುಗಳ ಸಗಣಿಯನ್ನು ಒಣಗಿಸಿ ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ ಸೋಸಿ, ತಿಳಿಯಾಗಿ ಇಳಿದದ್ದನ್ನು ಗಟ್ಟಿಕಟ್ಟಿ ಒಣಗಿಸಿ ವಿಭೂತಿಯನ್ನು ಸಿದ್ಧಪಡಿಸಬೇಕು. ಹಣೆಯಲ್ಲಿ ಧರಿಸುವ ವಿಭೂತಿಯು ಎಷ್ಟು ಕೈಗಳ ದುಡಿತದಿಂದ ಬಂದದ್ದೆಂಬದನ್ನು ಮುಂದೆ ಸ್ವಾಮಿಯಾಗುವವನು ಮೊದಲು ತನ್ನ ಕೈಯಿಂದಲೇ ಅರಿಯಬೇಕು. ಸೋಮಾರಿಗೆ ವೈರಾಗ್ಯದ ವೇಷವು ಒಪ್ಪುವದಾದರೂ ಗೋಶಾಲೆಯ ಕೆಲಸವು ಒಪ್ಪದು. ಹಾಗಾಗಿ ದನದ ಕೊಟ್ಟಿಗೆಯೂ ಅಲ್ಲಿ ಒಂದು ಪರೀಕ್ಷಾಮಂದಿರವಾಗಿತ್ತು. ತಾಡವೋಲೆಯ ಗ್ರಂಥಗಳನ್ನು ಹಳ್ಳಿಹಳ್ಳಿಯ ಮಠಗಳಿಂದ ತಂದು ಕಾಯ್ದಿಡುವ ಭಂಡಾರವೂ ಅಲ್ಲಿ ಬೆಳೆಯಿತು.

ಇಂಥ ಪರೀಕ್ಷೆಯ ಅವಶ್ಯಕತೆಯನ್ನು ಬೇರೆ ಮತದ ಹಿರಿಯರೂ ಕಂಡುಕೊಂಡಿದ್ದಾರೆ. ಕ್ರಿಸ್ತಮತದ ರೋಮನ್ ಕ್ಯಾಥೊಲಿಕ್ ಪಂಥದಲ್ಲಿ ಕಾರ್ಮೆಲ್ ಸಭೆ, ಕಾರ್ಥೂಸಿಯನ್ ಸಭೆ ಮೊದಲಾದ ಮೌನಧ್ಯಾನಪರವಾದ ಮಠಗಳುಂಟು. ಅಲ್ಲಿಗೆ ಬಂದವನನ್ನು ಅಥವಾ ಬಂದವಳನ್ನು ಒಡನೆಯೇ ಒಳಗೆ ಸೇರಿಸಿಕೊಳ್ಳುವದಿಲ್ಲ. ಕನಿಷ್ಠ ಒಂದು ವರುಷದ ನವಶಿಷ್ಯಾವಸ್ಥೆ, ಅನಂತರ ಕೆಲವು ವರುಷಗಳ ತಾತ್ಕಾಲಿಕ ವ್ರತ, ಅದೂ ಕಳೆದ ಮೇಲೆ ಆಜೀವ ವ್ರತ. ಆ ಅವಧಿಯಲ್ಲಿ ಮಠವು ಸಾಧಕನನ್ನು ಪರೀಕ್ಷಿಸುವದು, ಸಾಧಕನು ತನ್ನನ್ನೇ ಪರೀಕ್ಷಿಸಿಕೊಳ್ಳುವನು. ಹೊರಟುಹೋಗುವವನಿಗೆ ಬಾಗಿಲು ತೆರೆದೇ ಇರುವದು. ದೇವರು ಬೇರೆಯೆಂದು ಜಗಳಾಡುವವರು ಇದನ್ನು ನೋಡಬೇಕು: ದೇವರನ್ನು ಅರಸುವವನ ಮನಸ್ಸಿನ ಮೋಸಗಳು ಎಲ್ಲ ಮತಗಳಲ್ಲಿಯೂ ಒಂದೇ, ಅವುಗಳಿಗೆ ಮದ್ದೂ ಒಂದೇ. ಕಾಲ, ಗುರು, ಸೇವೆ ಇವೇ ಆ ಮದ್ದು.

ಇಬ್ಬರು ಅಂಧ ಬಾಲಕರು

ತನ್ನ ದಾರಿಯನ್ನು ತಾನು ತಿಳಿಯುವದು ಒಂದು ಸಿದ್ಧಿ. ಇನ್ನೊಬ್ಬನ ದಾರಿಯನ್ನು ಕಂಡು ಅವನಿಗೆ ತೋರಿಸುವದು ಅದಕ್ಕಿಂತ ದೊಡ್ಡದು. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟುಗುರುಡರಾದ ಇಬ್ಬರು ಅಣ್ಣತಮ್ಮಂದಿರಿದ್ದರು. ಕಿರಿಯವನಾದ ಗದಿಗೆಯ್ಯನು ೧೮೯೨ರಲ್ಲಿ ಹುಟ್ಟಿದವನು. ಅವರ ಹಾಡನ್ನು ಕೇಳಿದ ಶ್ರೀಗಳವರು ಇಬ್ಬರನ್ನೂ ತಮ್ಮ ಆಶ್ರಯಕ್ಕೆ ತೆಗೆದುಕೊಂಡು ಸಂಗೀತವನ್ನು ಕಲಿಸುವ ಏರ್ಪಾಡು ಮಾಡಿದರು. ಅಣ್ಣನು ಬೇಗನೆ ತೀರಿಕೊಂಡನು, ತಮ್ಮನು ಉಳಿದನು.

ಗದಿಗೆಯ್ಯನು ಜಂಗಮಕುಲದವನು, ಶೀಲವಂತನು, ಗುರುಭಕ್ತನು. ಅವನಿಗೂ ಶಾಸ್ತ್ರವನ್ನು ಹೇಳಿಕೊಟ್ಟು ಒಂದು ಮಠಕ್ಕೆ ಒಡೆಯನನ್ನಾಗಿ ಮಾಡಬಹುದಿತ್ತು. ಶ್ರೀಗಳವರು ಹಾಗೆ ಮಾಡಲಿಲ್ಲ. ಶಿವನು ಅವನ ಕೊರಳಿನಲ್ಲಿ ಇಟ್ಟಿರುವದೇ ಅವನ ಯೋಗವೆಂದು ಕಂಡುಕೊಂಡು, ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ನೀಲಕಂಠಬುವಾ ಅವರಲ್ಲಿ ಹಿಂದುಸ್ತಾನಿ ಸಂಗೀತವನ್ನೂ ಕಲಿಯುವಂತೆ ಅನುಕೂಲ ಮಾಡಿಕೊಟ್ಟರು. ಆ ಗದಿಗೆಯ್ಯನೇ ನಾಡೆಲ್ಲ ಬಲ್ಲ ಶ್ರೀ ಪಂಚಾಕ್ಷರಿ ಗವಾಯಿಗಳು. ಅವರು ಆಜನ್ಮ ಬ್ರಹ್ಮಚಾರಿಗಳಾಗಿ ಉಳಿದು, ಅಂಧರೂ ಅನಾಥರೂ ಬಡವರೂ ಆದ ಮಕ್ಕಳನ್ನು ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸುತ್ತ ಸಂಗೀತವನ್ನು ಧಾರೆಯೆರೆದರು. ಕಡೆಗೆ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವು ನೆಲೆಗೊಂಡಿತು. ೧೯೪೪ರಲ್ಲಿ ಗವಾಯಿಗಳು ಲಿಂಗೈಕ್ಯರಾದ ಮೇಲೆ ಅವರ ಶಿಷ್ಯರಾದ ಶ್ರೀ ಪುಟ್ಟರಾಜ ಗವಾಯಿಗಳವರು ೨೦೧೦ರವರೆಗೆ, ತಾವೂ ಅಂಧರಾಗಿದ್ದು, ಆ ದೀಪವನ್ನು ಆರದಂತೆ ಹಿಡಿದರು.

ಎಲ್ಲ ವೈರಾಗ್ಯವೂ ಗದ್ದುಗೆಗೆ ಬಂದು ಮುಟ್ಟಬೇಕೆಂಬ ನಿಯಮವಿಲ್ಲ. ಒಬ್ಬನಿಗೆ ಪೂಜೆ, ಒಬ್ಬನಿಗೆ ಪಾಠ, ಒಬ್ಬನಿಗೆ ತಂಬೂರಿ. ಗದುಗಿನ ಪುಣ್ಯಾಶ್ರಮದಿಂದ ಸ್ವರ ಕಲಿತು ಹೊರಬಿದ್ದ ಮಕ್ಕಳೆಲ್ಲರೂ, ತಾವು ಕಾಣದ ಒಬ್ಬ ವಿರಕ್ತರ ವಿವೇಕದ ಫಲವನ್ನು ಉಂಡವರೇ ಆಗಿದ್ದಾರೆ.

ಲಿಂಗೈಕ್ಯ

ಹುಬ್ಬಳ್ಳಿಯ ಸಿದ್ಧಾರೂಢರು ೧೯೨೯ರಲ್ಲಿ ದೇಹವನ್ನು ಬಿಟ್ಟರು. ಮರುವರುಷ, ೧೯೩೦ರ ಫೆಬ್ರುವರಿಯಲ್ಲಿ ಶ್ರೀ ಕುಮಾರ ಶಿವಯೋಗಿಗಳವರು ಶಿವಯೋಗಮಂದಿರದಲ್ಲಿ ಲಿಂಗೈಕ್ಯರಾದರು. ಅವರ ಗದ್ದುಗೆಯು ಅಲ್ಲಿಯೇ, ಮಲಪ್ರಭೆಯ ದಂಡೆಯ ಮೇಲೆ ಇರುವದು. ಅಲ್ಲಿ ಕಲಿತ ಸಾಧಕರು ಕನ್ನಡನಾಡಿನ ಎಷ್ಟೋ ಮಠಗಳಿಗೆ ಅಧಿಪತಿಗಳಾಗಿ ಬಂದರು. ಅನ್ನ, ಅಕ್ಷರ, ಅನುಭಾವಗಳ ದಾಸೋಹವು ಊರೂರಿಗೆ ಹಬ್ಬಿತು.

ಒಬ್ಬ ಬಡ ಜಂಗಮನ ಮಗನು ಪರೀಕ್ಷೆಯಲ್ಲಿ ಸೋತನು, ಸೋಲಿನಿಂದ ಓಡಿಹೋಗಲಿಲ್ಲ. ತಾಯಿಯನ್ನು ಬಿಟ್ಟನು, ಋಣವನ್ನು ಮರೆಯಲಿಲ್ಲ. ಪ್ರಸಿದ್ಧ ಸನ್ನಿಧಿಯನ್ನು ಸೇರಿದನು, ತೃಪ್ತಿಯ ನಟನೆ ಮಾಡಲಿಲ್ಲ. ಏಕಾಂತವನ್ನು ಬಯಸಿದನು, ಗುರುವಿನ ಮತ್ತು ಜನರ ಕರೆ ಬಂದಾಗ ಅದನ್ನೇ ಹಟವಾಗಿ ಹಿಡಿಯಲಿಲ್ಲ. ಬೇಕಾದದ್ದನ್ನು ಬಿಡುವದು ವೈರಾಗ್ಯದ ಮೊದಲು. ತಾನು ಆರಿಸಿಕೊಂಡ ವೈರಾಗ್ಯದ ರೂಪವನ್ನೂ ಶಿವನಿಗೆ ಒಪ್ಪಿಸಿಬಿಡುವದು ಅದರ ತುದಿ.

ಮಗನನ್ನು ಮಠಕ್ಕೆ ಒಪ್ಪಿಸಬೇಕೆನ್ನುವ ತಾಯಿತಂದೆಗಳೂ, ಮಠದ ಬಾಗಿಲಿನಲ್ಲಿ ನಿಂತ ತರುಣನೂ, ಅವನನ್ನು ಒಳಗೆ ಕರೆಯುವ ಹಿರಿಯರೂ ಈ ಚರಿತ್ರವನ್ನು ಒಮ್ಮೆ ಮನಮುಟ್ಟಿ ನೆನೆಯಲಿ. ಅವಸರವಿಲ್ಲದೆ ಕಾಯುವ ತಾಳ್ಮೆ, ಗುರುವಿನ ಕಣ್ಣಿಗೆ ತನ್ನನ್ನು ತೆರೆದಿಡುವ ಧೈರ್ಯ, ಕೈಕೆಸರಾಗುವ ಸೇವೆಯಲ್ಲಿ ಸಂತೋಷ, ಇವು ಮೂರೂ ಇದ್ದಲ್ಲಿ ವಿರಕ್ತಿಯು ತಾನಾಗಿಯೇ ಬೆಳಗುವದು. ಇಲ್ಲದಿದ್ದಲ್ಲಿ ಗೃಹಸ್ಥನಾಗಿ ಕಾಯಕ ದಾಸೋಹಗಳನ್ನು ನಡೆಸುವದೇ ಶ್ರೇಯಸ್ಕರವು. ಶರಣರು ಅದನ್ನೂ ಕೀಳೆಂದವರಲ್ಲ.

ಶ್ರೀ ಗುರುಕುಮಾರೇಶನ ಕೃಪೆಯು ಸಕಲ ಸಾಧಕರಿಗೂ ದಾರಿದೀಪವಾಗಲಿ. ಶುಭಮಸ್ತು.